ಪ್ರಶ್ನೆ ಚಿಹ್ನೆಯ ಜಾಗಕ್ಕೆ ಹೋದದ್ದೇನು? ಪ್ರಿಪೇರ್ಡ್ ಸ್ಟೇಟ್‌ಮೆಂಟಿನ ಬೈಂಡಿಂಗ್ ತೊಂದರೆಗಳು

ಕೋಲಾರದಲ್ಲಿ ಸಾಫ್ಟ್‌ವೇರ್ ಬರೆಯುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅಂದರೆ ವ್ಯಾಲ್ಯೂಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬಿಟ್ಟು ಬರೆದ ಡೇಟಾಬೇಸ್ ಕ್ವೆರಿ. ಆ ಚಿಹ್ನೆ ಪ್ಲೇಸ್‌ಹೋಲ್ಡರ್, ಅದಕ್ಕೆ ವ್ಯಾಲ್ಯೂ ಕೊಡುವುದು ಬೈಂಡಿಂಗ್. ಇವತ್ತು ಒಂದೇ ಟೇಬಲ್ ಇಟ್ಟುಕೊಂಡು ಅದರ ತೊಂದರೆಗಳ ಬಗ್ಗೆ ಮಾತಾಡೋಣ. ಇಲ್ಲಿನ ಎಪಿಎಂಸಿ ಯಾರ್ಡಿನ ಟೊಮೆಟೊ ಮಂಡಿಯೊಂದರ ಬಿಲ್ಲಿಂಗ್ ಅಂದುಕೊಳ್ಳಿ. ಟೇಬಲ್ ಹೆಸರು ಲಾಟು. ಅದರಲ್ಲಿ ಎಂಟು ಕಾಲಂ: ಲಾಟು ನಂಬರು, ರೈತರ ಹೆಸರು, ಫೋನ್, ಊರು, ತಳಿ, ಬಾಕ್ಸ್, ದರ, ದಿನಾಂಕ. ಬಾಕ್ಸ್ ಅಂದರೆ 15 ಕೆಜಿಯದ್ದು, ದರ ಅಂದರೆ ಒಂದು ಬಾಕ್ಸಿನದು. ಹೇಳಲು ಕೇಳಲು ಸುಲಭವಾಗಲಿ ಅಂತ ಕಾಲಂ ಹೆಸರುಗಳನ್ನು ಕನ್ನಡದಲ್ಲೇ ಹೇಳುತ್ತೇನೆ, ನಿಮ್ಮ ಕೋಡಿನಲ್ಲಿ ಅವು ಇಂಗ್ಲಿಷಿನಲ್ಲಿರುತ್ತವೆ. ನಿಮ್ಮಲ್ಲಿ ಹೆಚ್ಚಿನವರು ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ಬಳಸುವವರು. ಜಾವಾದವರೂ ಪೈಥಾನಿನವರೂ ಇದ್ದೀರಿ. ಎಲ್ಲರ ಕಡೆಯಿಂದಲೂ ಉದಾಹರಣೆ ತೆಗೆದುಕೊಳ್ಳೋಣ.

ಪ್ರಿಪೇರ್ ಅಂದಾಗ ಏನಾಗುತ್ತದೆ ಅನ್ನುವುದು ಗಟ್ಟಿಯಾದರೆ ಮುಂದಿನದೆಲ್ಲ ಸಲೀಸು. ಪ್ರಶ್ನೆ ಚಿಹ್ನೆಗಳಿರುವ ಕ್ವೆರಿ ಮೊದಲು ತಾನೊಂದೇ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಅದನ್ನು ಓದಿ, ಟೇಬಲ್ ಇದೆಯೇ, ಕಾಲಂ ಇದೆಯೇ, ವ್ಯಾಕರಣ ಸರಿಯಿದೆಯೇ ಎಂದು ನೋಡಿ ಇಟ್ಟುಕೊಳ್ಳುತ್ತದೆ. ವ್ಯಾಲ್ಯೂಗಳು ಹೋಗುವುದು ಎರಡನೇ ಸಲ, ಬೇರೆಯಾಗಿ. ಮಂಡಿಯ ಬಿಲ್ ಪುಸ್ತಕ ಮೊದಲೇ ಅಚ್ಚಾಗಿ ಬಂದಿರುತ್ತದೆ, ಖಾಲಿ ಜಾಗ ತುಂಬುವುದು ಆಮೇಲೆ, ಅದೇ ರೀತಿ. ತುಂಬುವಾಗ ನೀವು ಏನೇ ಬರೆದರೂ ಅಚ್ಚಾದ ಗೆರೆಗಳು ಬದಲಾಗುವುದಿಲ್ಲ. ಎಸ್‌ಕ್ಯುಎಲ್ ಇಂಜೆಕ್ಷನ್, ಅಂದರೆ ವ್ಯಾಲ್ಯೂವಿನ ವೇಷದಲ್ಲಿ ಕ್ವೆರಿಯೊಳಗೆ ಆಜ್ಞೆ ನುಗ್ಗಿಸುವ ದಾಳಿ, ನಿಲ್ಲುವುದು ಈ ಕಾರಣಕ್ಕೆ. ಟೇಬಲ್ ಹೆಸರನ್ನೋ ಕಾಲಂ ಹೆಸರನ್ನೋ ಬೈಂಡ್ ಮಾಡಲು ಆಗದಿರುವುದೂ ಇದೇ ಕಾರಣಕ್ಕೆ: ಸರ್ವರ್ ಕ್ವೆರಿಯನ್ನು ಓದುವ ಹೊತ್ತಿಗೆ ಅವು ಅಲ್ಲಿರಲೇಬೇಕು.

ಇಷ್ಟು ಹೇಳಿದ ಮೇಲೆ ಒಂದು ತೊಡಕು ಹೇಳಬೇಕು. ಡ್ರೈವರ್ ಅಂದರೆ ನಿಮ್ಮ ಕೋಡಿಗೂ ಡೇಟಾಬೇಸಿಗೂ ನಡುವೆ ಮಾತು ಸಾಗಿಸುವ ಲೈಬ್ರರಿ. ಎಲ್ಲ ಡ್ರೈವರ್‌ಗಳೂ ಹೀಗೆ ಎರಡು ಸಲ ಕಳಿಸುವುದಿಲ್ಲ. ಪಿಎಚ್‌ಪಿಯ ಪಿಡಿಒ ಮೈಎಸ್‌ಕ್ಯುಎಲ್ ಜೊತೆ ಮಾತಾಡುವಾಗ, ನೀವು ಬೇಡ ಅನ್ನದಿದ್ದರೆ, ತಾನೇ ವ್ಯಾಲ್ಯೂಗಳಿಗೆ ಕೋಟ್ ಹಾಕಿ, ಪ್ರಶ್ನೆ ಚಿಹ್ನೆಯ ಜಾಗಕ್ಕೆ ಸೇರಿಸಿ, ಪೂರ್ತಿ ಕ್ವೆರಿಯನ್ನು ಒಂದೇ ಸಲ ಕಳಿಸುತ್ತದೆ. ಇದಕ್ಕೆ ಎಮ್ಯುಲೇಟೆಡ್ ಪ್ರಿಪೇರ್ ಅನ್ನುತ್ತಾರೆ. ಜಾವಾದಲ್ಲಿ ಮೈಎಸ್‌ಕ್ಯುಎಲ್‌ನ ಕನೆಕ್ಟರ್ ಜೆ ಡ್ರೈವರ್ ಕೂಡ ಡಿಫಾಲ್ಟ್ ಆಗಿ ತನ್ನ ಕಡೆಯಲ್ಲೇ ಸೇರಿಸುತ್ತದೆ. ಪೈಥಾನಿನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೋಗುವ ಸೈಕೋಪಿಜಿ 2 ಹಾಗೇ ಮಾಡುತ್ತದೆ, ಸೈಕೋಪಿಜಿ 3 ಮಾತ್ರ ಸರ್ವರ್‌ಗೇ ಬೇರೆಯಾಗಿ ಕಳಿಸುತ್ತದೆ. ಪಿಎಚ್‌ಪಿಯ ಇನ್ನೊಂದು ಡ್ರೈವರ್ ಮೈಎಸ್‌ಕ್ಯುಎಲ್‌ಐನಲ್ಲಿ ಪ್ರಿಪೇರ್ ಯಾವಾಗಲೂ ಸರ್ವರ್‌ನದೇ. ಒಂದೇ ಕೋಡು ಒಂದು ಕಡೆ ಓಡಿ ಇನ್ನೊಂದು ಕಡೆ ಎಡವುವುದಕ್ಕೆ ಬಹಳ ಸಲ ಈ ವ್ಯತ್ಯಾಸವೇ ಕಾರಣ. ಆದ್ದರಿಂದ ತೊಂದರೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನನ್ನ ವ್ಯಾಲ್ಯೂವನ್ನು ಕ್ವೆರಿಗೆ ಸೇರಿಸುತ್ತಿರುವವರು ಯಾರು, ಡ್ರೈವರೋ ಸರ್ವರೋ?

ಅದಕ್ಕೆ ಉತ್ತರ ಊಹಿಸಬೇಡಿ, ಕಣ್ಣಾರೆ ನೋಡಿ. ಮೈಎಸ್‌ಕ್ಯುಎಲ್‌ನಲ್ಲಿ ಜನರಲ್ ಲಾಗ್ ಅಂತ ಇದೆ. ನಿಮ್ಮ ಟೆಸ್ಟ್ ಮಶೀನಿನಲ್ಲಿ ಅದನ್ನು ಆನ್ ಮಾಡಿ, ತೊಂದರೆ ಕೊಡುವ ಪುಟವನ್ನು ಒಂದೇ ಒಂದು ಸಲ ತೆರೆಯಿರಿ, ಲಾಗ್ ಫೈಲಿನ ಕೊನೆಯ ಸಾಲುಗಳನ್ನು ಓದಿ. ಪ್ರಿಪೇರ್ ಅಂತ ಒಂದು ಸಾಲು, ಅದರ ಕೆಳಗೆ ಎಕ್ಸಿಕ್ಯೂಟ್ ಅಂತ ಇನ್ನೊಂದು ಸಾಲು ಕಂಡರೆ ಸರ್ವರ್ ಬೈಂಡ್ ಮಾಡುತ್ತಿದೆ. ಎಕ್ಸಿಕ್ಯೂಟ್ ಸಾಲಿನಲ್ಲಿ ವ್ಯಾಲ್ಯೂಗಳು ತುಂಬಿದ ರೂಪದಲ್ಲೇ ಕಾಣುತ್ತವೆ. ಬರೀ ಕ್ವೆರಿ ಅನ್ನುವ ಒಂದು ಸಾಲು ಇದ್ದರೆ ಡ್ರೈವರ್ ತಾನೇ ಸೇರಿಸಿ ಕಳಿಸಿದೆ. ಏನೂ ಕಾಣದಿದ್ದರೆ? ನಿಮ್ಮ ಕ್ವೆರಿ ಸರ್ವರ್ ತನಕ ಹೋಗದೆ ಡ್ರೈವರ್‌ನಲ್ಲೇ ನಿಂತಿರಬಹುದು, ಇಲ್ಲವೇ ಪ್ರಿಪೇರ್ ಸೋತಿರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಸ್ಟೇಟ್‌ಮೆಂಟ್ ಅನ್ನುವುದನ್ನು ಆಲ್ ಎಂದು ಇಟ್ಟರೆ ಕ್ವೆರಿಯ ಕೆಳಗೆ ಡೀಟೇಲ್ ಸಾಲಿನಲ್ಲಿ ಒಂದನೇ ಪ್ಯಾರಾಮೀಟರ್ ಇದು, ಎರಡನೆಯದು ಇದು ಎಂದು ಬರೆದಿರುತ್ತದೆ. ನೋಡಿದ ಕೂಡಲೇ ಲಾಗ್ ಆಫ್ ಮಾಡಿ, ಫೈಲನ್ನೂ ಅಳಿಸಿ. ಡಿಸ್ಕ್ ತುಂಬುವುದು ಒಂದು ಕಡೆ, ರೈತರ ಫೋನ್ ನಂಬರು, ಬ್ಯಾಂಕ್ ಖಾತೆ ಎಲ್ಲ ಅದರಲ್ಲಿ ಬಿಚ್ಚಿಟ್ಟ ಹಾಗೆ ಉಳಿಯುತ್ತದೆ.

ಈಗ ಬಾಯಿಬಿಟ್ಟು ಹೇಳುವ ಎರರ್‌ಗಳನ್ನು ಬೇಗ ನೋಡಿ ಮುಗಿಸೋಣ, ಯಾಕೆಂದರೆ ಇವು ಸಿಟ್ಟು ತರಿಸಿದರೂ ಹಾನಿ ಮಾಡುವುದಿಲ್ಲ.

ಪಿಡಿಒ ಬಳಸುವವರಿಗೆ ಎಚ್‌ವೈ 093 ಚೆನ್ನಾಗಿ ಗೊತ್ತು. ಪ್ಯಾರಾಮೀಟರ್ ನಂಬರು ಸರಿಯಿಲ್ಲ ಅನ್ನುತ್ತದೆ, ಯಾವುದು ಅಂತ ಹೇಳುವುದಿಲ್ಲ. ಕ್ವೆರಿಯಲ್ಲಿರುವ ಪ್ಲೇಸ್‌ಹೋಲ್ಡರ್‌ಗಳನ್ನು ಬೆರಳಿಟ್ಟು ಎಣಿಸಿ, ಕೊಟ್ಟ ಅರೇಯಲ್ಲಿರುವ ಕೀಗಳನ್ನು ಎಣಿಸಿ. ಕಡಿಮೆಯಿದ್ದರೂ ಬರುತ್ತದೆ, ಹೆಚ್ಚಿದ್ದರೂ ಬರುತ್ತದೆ. ಫಾರ್ಮಿನಿಂದ ಬಂದ ಇಡೀ ಪೋಸ್ಟ್ ಅರೇಯನ್ನು ಹಾಗೇ ಎಕ್ಸಿಕ್ಯೂಟ್‌ಗೆ ಕೊಟ್ಟರೆ ಸಬ್‌ಮಿಟ್ ಬಟನ್ನಿನ ಹೆಸರೂ ಅದರೊಳಗೆ ಸೇರಿ ಒಂದು ಹೆಚ್ಚಾಗುತ್ತದೆ. ಹೆಸರಿನ ಪ್ಲೇಸ್‌ಹೋಲ್ಡರಿನಲ್ಲಿ, ಅಂದರೆ ಪ್ರಶ್ನೆ ಚಿಹ್ನೆಯ ಬದಲು ಕೋಲನ್ ಹಾಕಿ ಹೆಸರು ಬರೆಯುವ ಕಡೆ, ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ನಡೆಯುತ್ತದೆ. ಹೈಫನ್ ಹಾಕಿದರೆ ಹೆಸರು ಅಲ್ಲಿಗೇ ಮುಗಿದು, ಉಳಿದದ್ದನ್ನು ಕಳೆಯುವ ಲೆಕ್ಕವಾಗಿ ಓದುತ್ತದೆ. ಒಂದೇ ಕ್ವೆರಿಯಲ್ಲಿ ಪ್ರಶ್ನೆ ಚಿಹ್ನೆ, ಹೆಸರು ಎರಡನ್ನೂ ಬೆರೆಸಬಾರದು. ಇನ್ನೊಂದು ಇದೆ, ಅದು ಸರ್ವರ್ ಬದಲಾಯಿಸಿದಾಗ ಕಾಡುತ್ತದೆ: ಒಂದೇ ಹೆಸರಿನ ಪ್ಲೇಸ್‌ಹೋಲ್ಡರನ್ನು ಕ್ವೆರಿಯಲ್ಲಿ ಎರಡು ಕಡೆ ಬಳಸಿದ್ದರೆ ಎಮ್ಯುಲೇಷನ್ ಆನ್ ಇರುವ ತನಕ ಓಡುತ್ತದೆ, ಆಫ್ ಮಾಡಿದ ದಿನ ಎಚ್‌ವೈ 093 ಬರುತ್ತದೆ. ಎರಡು ಹೆಸರು ಕೊಟ್ಟು, ಎರಡಕ್ಕೂ ಅದೇ ವ್ಯಾಲ್ಯೂ ಕೊಡಿ.

ಮೈಎಸ್‌ಕ್ಯುಎಲ್‌ಐನವರಿಗೆ ಬರುವ ದೂರು ಬೇರೆ: ಬೂಲಿಯನ್ ಮೇಲೆ ಬೈಂಡ್ ಪ್ಯಾರಂ ಕರೆದಿದ್ದೀರಿ ಅನ್ನುತ್ತದೆ. ಬೈಂಡಿಂಗ್‌ದು ತಪ್ಪೇ ಇಲ್ಲ ಇಲ್ಲಿ. ಹಿಂದಿನ ಸಾಲಿನ ಪ್ರಿಪೇರ್ ಸೋತು ಫಾಲ್ಸ್ ಕೊಟ್ಟಿದೆ, ಬಹುಶಃ ಕಾಲಂ ಹೆಸರಿನ ಸ್ಪೆಲಿಂಗ್. ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯುಎಲ್‌ಐ, 8.0ರಿಂದ ಪಿಡಿಒ, ಎರಡೂ ಸೋತ ಜಾಗದಲ್ಲೇ ಎಕ್ಸೆಪ್ಶನ್ ಎಸೆಯುತ್ತವೆ. ಅದಕ್ಕಿಂತ ಹಳೆಯ ಪಿಎಚ್‌ಪಿ ಇನ್ನೂ ಓಡುತ್ತಿದ್ದರೆ ಎರರ್ ಮೋಡ್ ನೀವೇ ಆನ್ ಮಾಡಿಕೊಳ್ಳಿ.

ಜಾವಾದಲ್ಲಿ ಎಣಿಕೆ 1ರಿಂದ ಶುರು, 0ಯಿಂದ ಅಲ್ಲ. ಪಿಡಿಒದ ಬೈಂಡ್ ವ್ಯಾಲ್ಯೂ ಕೂಡ 1ರಿಂದ. ಆದರೆ ಪಿಡಿಒದ ಎಕ್ಸಿಕ್ಯೂಟ್‌ಗೆ ಕೊಡುವ ಅರೇ 0ಯಿಂದ. ಜಾವಾದಲ್ಲಿ ಇನ್ನೊಂದು: ಪ್ರಿಪೇರ್ ಮಾಡಿ, ಎಲ್ಲ ಸೆಟ್ ಮಾಡಿ, ಕೊನೆಗೆ ಎಕ್ಸಿಕ್ಯೂಟ್ ಕ್ವೆರಿಯ ಬ್ರಾಕೆಟ್ಟಿನೊಳಗೆ ಮತ್ತೆ ಎಸ್‌ಕ್ಯುಎಲ್ ಸ್ಟ್ರಿಂಗ್ ಕೊಡುವುದು. ಆಗ ಬೈಂಡ್ ಮಾಡಿದ್ದೆಲ್ಲ ಪಕ್ಕಕ್ಕೆ ಹೋಗಿ, ಬರೀ ಪ್ರಶ್ನೆ ಚಿಹ್ನೆಯಿರುವ ಕ್ವೆರಿ ಮೈಎಸ್‌ಕ್ಯುಎಲ್‌ಗೆ ಹೋಗುತ್ತದೆ, ಪ್ರಶ್ನೆ ಚಿಹ್ನೆಯ ಹತ್ತಿರ ಸಿಂಟ್ಯಾಕ್ಸ್ ತಪ್ಪು ಅಂತ ಬರುತ್ತದೆ. ಬ್ರಾಕೆಟ್ ಖಾಲಿ ಬಿಡಿ, ಸರಿಹೋಗುತ್ತದೆ.

ಹುಡುಕಾಟದ ಪುಟದಲ್ಲಿ ಎಲ್ಲ ಭಾಷೆಯವರೂ ಎಡವುವ ಜಾಗ ಇದು:

ಊರು ಲೈಕ್ '%?%'

ಕೋಟಿನೊಳಗೆ ಕೂತ ಪ್ರಶ್ನೆ ಚಿಹ್ನೆ ಪ್ಲೇಸ್‌ಹೋಲ್ಡರ್ ಆಗುವುದಿಲ್ಲ, ಅದು ಬರೀ ಒಂದು ಅಕ್ಷರ. ಜಾವಾ ಆಗ ಪ್ಯಾರಾಮೀಟರ್ ಇಂಡೆಕ್ಸ್ ಮಿತಿ ಮೀರಿದೆ, ಇರುವ ಪ್ಯಾರಾಮೀಟರ್ ಸೊನ್ನೆ ಅನ್ನುತ್ತದೆ. ಸೊನ್ನೆ ಎಂಬ ಆ ಸಂಖ್ಯೆ ಕಂಡ ಕೂಡಲೇ ಕೋಟ್ ಹುಡುಕಿ. ಕ್ವೆರಿಯಲ್ಲಿ ಬರೀ ಪ್ರಶ್ನೆ ಚಿಹ್ನೆ ಬಿಟ್ಟು, ಶೇಕಡಾ ಚಿಹ್ನೆಗಳನ್ನು ವ್ಯಾಲ್ಯೂವಿನ ಹಿಂದೆ ಮುಂದೆ ಅಂಟಿಸಿ ಬೈಂಡ್ ಮಾಡಿ. ಬಳಕೆದಾರರು ಟೈಪ್ ಮಾಡಿದ್ದರಲ್ಲೇ ಶೇಕಡಾ ಚಿಹ್ನೆಯೋ ಅಂಡರ್‌ಸ್ಕೋರೋ ಇದ್ದರೆ ಅದನ್ನು ಎಸ್ಕೇಪ್ ಮಾಡುವುದು ನಿಮ್ಮ ಕೆಲಸ, ಬೈಂಡಿಂಗ್ ಅದನ್ನು ಮಾಡುವುದಿಲ್ಲ.

ಪುಟ ಪುಟವಾಗಿ ತೋರಿಸುವಾಗ ಲಿಮಿಟ್ ಹತ್ತಿರ 1064 ಎರರ್ ಬಂದರೆ, ಎರರ್‌ನಲ್ಲಿ ಲಿಮಿಟ್‌ಗೆ ಕೊಟ್ಟ ಸಂಖ್ಯೆಯ ಸುತ್ತ ಕೋಟ್ ಇದೆಯೇ ನೋಡಿ. ಇದ್ದರೆ ಅದು ಎಮ್ಯುಲೇಷನ್ನಿನ ಕೆಲಸ. ಎಕ್ಸಿಕ್ಯೂಟ್‌ಗೆ ಅರೇ ಕೊಟ್ಟಾಗ ಪಿಡಿಒ ಎಲ್ಲವನ್ನೂ ಸ್ಟ್ರಿಂಗ್ ಎಂದೇ ತಿಳಿದು ಕೋಟ್ ಹಾಕುತ್ತದೆ. ಬೈಂಡ್ ವ್ಯಾಲ್ಯೂ ಬಳಸಿ, ಮೂರನೇ ಆರ್ಗ್ಯುಮೆಂಟಾಗಿ ಇಂಟ್ ಎಂದು ತಿಳಿಸಿ, ವ್ಯಾಲ್ಯೂವನ್ನೂ ಇಂಟಿಜರ್‌ಗೆ ಬದಲಾಯಿಸಿಕೊಡಿ. ಎಮ್ಯುಲೇಷನ್ ಆಫ್ ಮಾಡಿದರೂ ಆಗುತ್ತದೆ.

ಪೈಥಾನ್ ಮತ್ತು ಎಸ್‌ಕ್ಯುಲೈಟ್ ಜೋಡಿಯಲ್ಲಿ ಒಂದು ಎರರ್ ಇದೆ, ಕನ್ನಡದವರಿಗೆ ಅದು ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಊರಿನ ಹೆಸರು ಕೋಲಾರ ಎಂದು ಬೈಂಡ್ ಮಾಡುತ್ತೀರಿ. ಸ್ಟೇಟ್‌ಮೆಂಟಿಗೆ ಬೇಕಾದ್ದು 1 ಬೈಂಡಿಂಗ್, ನೀವು ಕೊಟ್ಟದ್ದು 5 ಅನ್ನುತ್ತದೆ. ಐದು ಎಲ್ಲಿಂದ ಬಂತು? ಬ್ರಾಕೆಟ್ಟಿನೊಳಗೆ ವ್ಯಾಲ್ಯೂ ಬರೆದು ಕಾಮಾ ಹಾಕದಿದ್ದರೆ ಅದು ಟುಪಲ್, ಅಂದರೆ ವ್ಯಾಲ್ಯೂಗಳ ಪಟ್ಟಿ, ಆಗುವುದಿಲ್ಲ, ಬರೀ ಸ್ಟ್ರಿಂಗ್ ಆಗಿ ಉಳಿಯುತ್ತದೆ. ಪೈಥಾನ್ ಆ ಸ್ಟ್ರಿಂಗನ್ನು ಒಂದೊಂದು ಕೋಡ್‌ಪಾಯಿಂಟಾಗಿ, ಅಂದರೆ ಯುನಿಕೋಡ್‌ನ ಒಂದೊಂದು ಬಿಡಿ ಗುರುತಾಗಿ, ಬಿಡಿಸುತ್ತದೆ: ಕ, ಓತ್ವ, ಲ, ದೀರ್ಘ, ರ. ಕಣ್ಣಿಗೆ ಮೂರು ಅಕ್ಷರ, ಪೈಥಾನಿಗೆ ಐದು. ವ್ಯಾಲ್ಯೂ ಆದಮೇಲೆ ಒಂದು ಕಾಮಾ ಹಾಕಿದರೆ ಮುಗಿಯಿತು. ಆದರೆ ಇದರ ಇನ್ನೊಂದು ಮುಖ ನೋಡಿ. ಗ್ರೇಡ್ ಎಂಬ ಇನ್ನೊಂದು ಕಾಲಂ ಇದ್ದು, ನೀವು ಟೆಸ್ಟ್ ಮಾಡುವಾಗ ಅದಕ್ಕೆ ಎ ಅನ್ನುವ ಒಂದೇ ಅಕ್ಷರ ಕೊಟ್ಟಿದ್ದರೆ, ಅದು ಒಂದೇ ಕೋಡ್‌ಪಾಯಿಂಟ್. ಎಣಿಕೆ ಸರಿಹೊಂದಿ ಕೋಡು ಓಡುತ್ತದೆ. ತಪ್ಪು ಹೊರಬೀಳುವುದು ಯಾರೋ ಗ್ರೇಡ್ ಜಾಗದಲ್ಲಿ ಉದ್ದದ ಪದ ಬರೆದ ದಿನ. ಹಾಗಾಗಿ ಟೆಸ್ಟಿಗೆ ಒಂದಕ್ಷರದ ವ್ಯಾಲ್ಯೂ ಬಳಸಬೇಡಿ.

ಇಲ್ಲಿಂದ ಮುಂದೆ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಎರರ್ ಬರದ ತಪ್ಪುಗಳು ಇವು. ಕೋಡು ಓಡುತ್ತದೆ, ಸ್ಕ್ರೀನಿನಲ್ಲಿ ಸೇವ್ ಆಯಿತು ಅಂತ ಬರುತ್ತದೆ, ಟೇಬಲ್‌ನಲ್ಲಿ ತಪ್ಪು ಕೂತಿರುತ್ತದೆ. ರೈತರ ದುಡ್ಡಿನ ಲೆಕ್ಕ ಕೆಡುವುದು ಇಂಥವುಗಳಿಂದ.

ಮೊದಲನೆಯದು ಜಾಗ ಅದಲುಬದಲು.

ಇನ್ಸರ್ಟ್ ಇಂಟು ಲಾಟು (ರೈತ, ಬಾಕ್ಸ್, ದರ) ವ್ಯಾಲ್ಯೂಸ್ (?, ?, ?)

ಬೈಂಡ್ ಮಾಡುವಾಗ ದರ ಮೊದಲು, ಬಾಕ್ಸ್ ಆಮೇಲೆ ಕೊಟ್ಟಿರಿ ಅಂದುಕೊಳ್ಳಿ. 42 ಬಾಕ್ಸ್, ಬಾಕ್ಸಿಗೆ 610 ರೂಪಾಯಿ. ಟೇಬಲ್‌ನಲ್ಲಿ 610 ಬಾಕ್ಸ್, 42 ರೂಪಾಯಿ ಅಂತ ಕೂರುತ್ತದೆ. ಎರಡೂ ಸಂಖ್ಯೆಯೇ, ಹಾಗಾಗಿ ಟೈಪ್ ತಕರಾರು ಮಾಡುವುದಿಲ್ಲ. ಬಿಲ್ಲಿನ ಮೊತ್ತಕ್ಕೆ ಗುಣಿಸಿದರೆ ಎರಡು ರೀತಿಯಲ್ಲೂ 25,620. ಕೌಂಟರಿನಲ್ಲಿ ಲೆಕ್ಕ ತಾಳೆಯಾಗುತ್ತದೆ. ತಾಳೆಯಾಗದಿರುವುದು ಬಾಕ್ಸಿನ ಮೇಲೆ ಹಿಡಿಯುವ ಹಮಾಲಿ, ಖಾಲಿ ಬಾಕ್ಸಿನ ಲೆಕ್ಕ, ಲೋಡಿನ ತೂಕ. 42 ಬಾಕ್ಸ್ ತಂದ ರೈತರಿಂದ 610 ಬಾಕ್ಸಿನ ಹಮಾಲಿ ಕಳೆಯುತ್ತೀರಿ. ದರಕ್ಕೆ ಒಂದು ಮಿತಿ ಹಾಕಿ ಇದನ್ನು ಹಿಡಿಯುತ್ತೇನೆ ಅಂದರೆ ಆಗುವುದಿಲ್ಲ. 2023ರ ಜುಲೈನಲ್ಲಿ ಇದೇ ಕೋಲಾರದಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು, ಬೆಲೆ ಬಿದ್ದ ಕಾಲದಲ್ಲಿ ಅದೇ ಬಾಕ್ಸನ್ನು ಕೇಳುವವರಿರುವುದಿಲ್ಲ. ಮಿತಿ ಎಲ್ಲಿ ಹಾಕುತ್ತೀರಿ? ಇದಕ್ಕೆ ಇರುವ ಮದ್ದು ಹೆಸರಿನ ಪ್ಲೇಸ್‌ಹೋಲ್ಡರ್. ಪಿಡಿಒದಲ್ಲಿದೆ, ಪೈಥಾನಿನ ಎಸ್‌ಕ್ಯುಲೈಟಿನಲ್ಲಿದೆ, ಜಾವಾದವರಿಗೆ ಸ್ಪ್ರಿಂಗ್‌ನ ನೇಮ್ಡ್ ಪ್ಯಾರಾಮೀಟರ್ ಟೆಂಪ್ಲೇಟ್ ಇದೆ. ಮೂರಕ್ಕಿಂತ ಹೆಚ್ಚು ಪ್ಯಾರಾಮೀಟರ್ ಇರುವ ಕಡೆ ಪ್ರಶ್ನೆ ಚಿಹ್ನೆ ಬಳಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೈಎಸ್‌ಕ್ಯುಎಲ್‌ಐನಲ್ಲಿ ಹೆಸರಿನ ಸೌಲಭ್ಯ ಇಲ್ಲ. ಅಲ್ಲಿ ಕಾಲಂ ಪಟ್ಟಿ ಒಂದು ಸಾಲಿನಲ್ಲಿ, ಬೈಂಡ್ ಪಟ್ಟಿ ಅದರ ನೇರ ಕೆಳಗೆ ಅದೇ ಕ್ರಮದಲ್ಲಿ ಬರೆಯುವ ರೂಢಿ ಮಾಡಿಕೊಳ್ಳಿ. ಟೆಸ್ಟ್ ಮಾಡುವಾಗ ಪ್ರತಿ ಕಾಲಂಗೂ ಬೇರೆ ಬೇರೆ ವ್ಯಾಲ್ಯೂ ಕೊಟ್ಟು, ಸೇವ್ ಆದದ್ದನ್ನು ಮತ್ತೆ ಓದಿ ಹೋಲಿಸಿ. ಎಲ್ಲ ಕಡೆ 1 ಹಾಕಿ ಟೆಸ್ಟ್ ಮಾಡಿದರೆ ಈ ತಪ್ಪು ಯಾವತ್ತೂ ಸಿಗುವುದಿಲ್ಲ.

ಎರಡನೆಯದು ಪಿಡಿಒದ ಬೈಂಡ್ ಪ್ಯಾರಂ ಮತ್ತು ಬೈಂಡ್ ವ್ಯಾಲ್ಯೂ ನಡುವಿನ ವ್ಯತ್ಯಾಸ. ಬೈಂಡ್ ವ್ಯಾಲ್ಯೂ ಆ ಕ್ಷಣದ ವ್ಯಾಲ್ಯೂವನ್ನು ತೆಗೆದುಕೊಳ್ಳುತ್ತದೆ. ಬೈಂಡ್ ಪ್ಯಾರಂ ವೇರಿಯೇಬಲ್‌ನ ರೆಫರೆನ್ಸ್ ಹಿಡಿದುಕೊಂಡು, ಎಕ್ಸಿಕ್ಯೂಟ್ ಆಗುವಾಗ ಅದರಲ್ಲಿ ಏನಿದೆಯೋ ಅದನ್ನು ಓದುತ್ತದೆ. ಈಗ ಫೋರ್‌ಈಚ್ ಲೂಪಿನಲ್ಲಿ ಅರೇಯ ಒಂದೊಂದೇ ವ್ಯಾಲ್ಯೂವನ್ನು ಬೈಂಡ್ ಪ್ಯಾರಂಗೆ ಕೊಡುತ್ತಾ ಹೋದಿರಿ: ತಳಿ, ಬಾಕ್ಸ್, ದರ. ಲೂಪಿನ ವೇರಿಯೇಬಲ್ ಒಂದೇ. ಲೂಪ್ ಮುಗಿದಾಗ ಅದರಲ್ಲಿ ಉಳಿದದ್ದು ಕೊನೆಯದು, ದರ 640. ಎಕ್ಸಿಕ್ಯೂಟ್ ಆದಾಗ ತಳಿಗೂ 640, ಬಾಕ್ಸಿಗೂ 640, ದರಕ್ಕೂ 640. ಒಂದು ಸಾಲಿನ ಎಲ್ಲ ಕಾಲಂಗಳಲ್ಲೂ ಒಂದೇ ವ್ಯಾಲ್ಯೂ ಕಂಡರೆ ಬೇರೆ ಕಡೆ ಹುಡುಕಲು ಹೋಗಬೇಡಿ, ನೇರ ಈ ಲೂಪಿಗೆ ಬನ್ನಿ. ಬೈಂಡ್ ವ್ಯಾಲ್ಯೂ ಎಂದು ಒಂದು ಪದ ಬದಲಾಯಿಸಿದರೆ ಸಾಕು.

ಮೂರನೆಯದನ್ನು ಜಾವಾದವರು ಕೇಳಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಒಮ್ಮೆ ಸೆಟ್ ಮಾಡಿದ ವ್ಯಾಲ್ಯೂ ಎಕ್ಸಿಕ್ಯೂಟ್ ಆದ ಮೇಲೂ ಅಲ್ಲೇ ಉಳಿದಿರುತ್ತದೆ. ಬೆಳಗಿನ ಲಾಟುಗಳನ್ನೆಲ್ಲ ಒಂದು ಲೂಪಿನಲ್ಲಿ ಬ್ಯಾಚ್ ಮಾಡುತ್ತಿದ್ದೀರಿ. ಫೋನ್ ನಂಬರು ಇದ್ದರೆ ಮಾತ್ರ ಸೆಟ್ ಮಾಡು ಎಂದು ಒಂದು ಇಫ್ ಹಾಕಿದ್ದೀರಿ, ಎಲ್ಸ್ ಬರೆದಿಲ್ಲ. ಒಂದನೇ ರೈತರಿಗೆ ಫೋನ್ ಇದೆ, ಎರಡನೆಯವರು ಕೊಟ್ಟಿಲ್ಲ. ಎರಡನೇ ಸಾಲಿಗೆ ಮೊದಲನೆಯವರ ನಂಬರೇ ಹೋಗಿ ಕೂರುತ್ತದೆ. ಆಮೇಲೆ ದರದ ಎಸ್‌ಎಂಎಸ್ ಇನ್ನೊಬ್ಬರಿಗೆ ಹೋಗುತ್ತದೆ. ಮೊದಲನೇ ಸಾಲಿನಲ್ಲೇ ಫೋನ್ ಇಲ್ಲದಿದ್ದರೆ ವ್ಯಾಲ್ಯೂ ಕೊಟ್ಟಿಲ್ಲ ಎಂದು ಡ್ರೈವರ್ ನಿಲ್ಲಿಸುತ್ತಿತ್ತು. ಎರಡನೇ ಸಾಲಿನಿಂದ ಅದಕ್ಕೆ ಗೊತ್ತಾಗುವುದಿಲ್ಲ. ಪ್ರತಿ ಇಫ್‌ಗೂ ಎಲ್ಸ್ ಬರೆದು ಸೆಟ್ ನಲ್ ಮಾಡಿ, ಇಲ್ಲವೇ ಪ್ರತಿ ಸುತ್ತಿನ ಶುರುವಿನಲ್ಲಿ ಕ್ಲಿಯರ್ ಪ್ಯಾರಾಮೀಟರ್ಸ್ ಕರೆಯಿರಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು, ಆಗ ಮರೆತದ್ದು ಎರರ್ ಆಗಿ ಹೊರಬರುತ್ತದೆ. ಸಿ ಭಾಷೆಯಲ್ಲಿ ಎಸ್‌ಕ್ಯುಲೈಟ್ ಬಳಸುವವರಿಗೂ ಇದೇ ಮಾತು: ರೀಸೆಟ್ ಮಾಡಿದರೆ ಬೈಂಡಿಂಗ್ ಅಳಿಯುವುದಿಲ್ಲ, ಅದಕ್ಕೆ ಕ್ಲಿಯರ್ ಬೈಂಡಿಂಗ್ಸ್ ಬೇರೆ ಇದೆ.

ಇನ್ನು ಪಟ್ಟಿ. ಆಯ್ದ ಲಾಟುಗಳನ್ನು ತೋರಿಸು ಎಂದು ಲಾಟು ನಂಬರು ಇನ್ (?) ಎಂದು ಬರೆದು, ಆ ಒಂದು ಚಿಹ್ನೆಗೆ 12,15,19 ಎನ್ನುವ ಸ್ಟ್ರಿಂಗ್ ಕೊಡುವವರು ಬಹಳ. ಒಂದು ಪ್ರಶ್ನೆ ಚಿಹ್ನೆಗೆ ಒಂದೇ ವ್ಯಾಲ್ಯೂ. ಮೈಎಸ್‌ಕ್ಯುಎಲ್ ಆ ಸ್ಟ್ರಿಂಗನ್ನು ಸಂಖ್ಯೆ ಮಾಡಲು ಹೋಗಿ, ಕಾಮಾ ತನಕ ಓದಿ, 12 ಎಂದು ತಿಳಿಯುತ್ತದೆ. 12ನೇ ಲಾಟು ಬರುತ್ತದೆ, 15, 19 ಬರುವುದಿಲ್ಲ. ಸೆಲೆಕ್ಟ್‌ನಲ್ಲಿ ಇದು ವಾರ್ನಿಂಗ್ ಅಷ್ಟೇ, ಅದನ್ನು ನೋಡುವವರು ಕಡಿಮೆ. ಪೋಸ್ಟ್‌ಗ್ರೆಸ್ ಮರ್ಯಾದೆಯಾಗಿ ಇದು ಇಂಟಿಜರ್ ಅಲ್ಲ ಎಂದು ನಿಲ್ಲಿಸುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಎಷ್ಟು ವ್ಯಾಲ್ಯೂ ಇದೆಯೋ ಅಷ್ಟು ಪ್ರಶ್ನೆ ಚಿಹ್ನೆಗಳನ್ನು ಕೋಡಿನಲ್ಲೇ ಹೆಣೆಯಿರಿ. ಪಟ್ಟಿ ಖಾಲಿ ಬಂದರೆ ಖಾಲಿ ಬ್ರಾಕೆಟ್ ಸಿಂಟ್ಯಾಕ್ಸ್ ತಪ್ಪಾಗುತ್ತದೆ, ಹಾಗಾಗಿ ಖಾಲಿಯಿದ್ದರೆ ಕ್ವೆರಿಯನ್ನೇ ಕಳಿಸಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಎನಿ ಬಳಸಿ ಇಡೀ ಅರೇಯನ್ನು ಒಂದೇ ಪ್ಯಾರಾಮೀಟರಾಗಿ ಕೊಡಬಹುದು, ಅದು ಅಚ್ಚುಕಟ್ಟು.

ಆರ್ಡರ್ ಬೈ ಪ್ರಶ್ನೆ ಚಿಹ್ನೆ ಬರೆದು ದರ ಎಂದು ಬೈಂಡ್ ಮಾಡಿದರೆ ಮೈಎಸ್‌ಕ್ಯುಎಲ್ ಎರರ್ ಕೊಡುವುದಿಲ್ಲ. ದರ ಎನ್ನುವ ಪದದ ಪ್ರಕಾರ, ಅಂದರೆ ಎಲ್ಲ ಸಾಲಿಗೂ ಒಂದೇ ಆದ ಒಂದು ಸ್ಟ್ರಿಂಗಿನ ಪ್ರಕಾರ ಜೋಡಿಸುತ್ತದೆ. ಜೋಡಿಸಿದ ಹಾಗೂ ಆಗುವುದಿಲ್ಲ, ತಪ್ಪು ಅಂತಲೂ ಅನ್ನುವುದಿಲ್ಲ. ಕಾಲಂ ಹೆಸರುಗಳಿಗೆ ಕೋಡಿನಲ್ಲಿ ಒಂದು ಪಟ್ಟಿ ಇಡಿ. ಬಂದ ಹೆಸರು ಪಟ್ಟಿಯಲ್ಲಿದ್ದರೆ ಕ್ವೆರಿಗೆ ಸೇರಿಸಿ, ಇಲ್ಲದಿದ್ದರೆ ತಿರಸ್ಕರಿಸಿ. ಆರೋಹಣ, ಅವರೋಹಣಕ್ಕೂ ಹಾಗೇ.

ನಲ್, ಅಂದರೆ ವ್ಯಾಲ್ಯೂವೇ ಇಲ್ಲ ಎಂಬ ಗುರುತು, ಅದರ ಬಗ್ಗೆ ಒಂದೇ ಮಾತು. ಊರು = ? ಎಂದು ಬರೆದು ನಲ್ ಬೈಂಡ್ ಮಾಡಿದರೆ ಊರು ಖಾಲಿಯಿರುವ ಸಾಲುಗಳೂ ಬರುವುದಿಲ್ಲ, ಯಾವುದೂ ಬರುವುದಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಸಮ ಚಿಹ್ನೆಯ ಜಾಗದಲ್ಲಿ <=> ಬಳಸಿ, ಪೋಸ್ಟ್‌ಗ್ರೆಸ್‌ನಲ್ಲಿ ಈಸ್ ನಾಟ್ ಡಿಸ್ಟಿಂಕ್ಟ್ ಫ್ರಂ ಬಳಸಿ.

ಟೈಪ್ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ಮೈಎಸ್‌ಕ್ಯುಎಲ್‌ಐನ ಬೈಂಡ್ ಪ್ಯಾರಂನಲ್ಲಿ ಐ, ಡಿ, ಎಸ್, ಬಿ ಎಂಬ ನಾಲ್ಕು ಅಕ್ಷರ: ಇಂಟಿಜರ್, ಡಬಲ್, ಸ್ಟ್ರಿಂಗ್, ಬ್ಲಾಬ್. ನಮ್ಮ ಎಂಟು ಕಾಲಂಗೆ ಏನು ಬರೆಯುತ್ತೀರಿ? ಲಾಟು ನಂಬರು ಐ, ಬಾಕ್ಸ್ ಐ, ಉಳಿದ ಆರೂ ಎಸ್. ದರಕ್ಕೆ ಡಿ ಯಾಕೆ ಬೇಡ ಎಂದು ಕೇಳಬಹುದು. ಡಿ ಅಂದರೆ ಫ್ಲೋಟಿಂಗ್ ಸಂಖ್ಯೆ, ಅದರಲ್ಲಿ ದಶಮಾಂಶಗಳು ಕರಾರುವಾಕ್ಕಾಗಿ ಕೂರುವುದಿಲ್ಲ. ದುಡ್ಡಿನ ಕಾಲಂ ಡೆಸಿಮಲ್ ಆಗಿರಬೇಕು, ಅದಕ್ಕೆ ಸ್ಟ್ರಿಂಗ್ ಆಗಿ ಕಳಿಸಿದರೆ ಸರ್ವರ್ ಬರೆದ ಹಾಗೇ ತೆಗೆದುಕೊಳ್ಳುತ್ತದೆ. ಜಾವಾದಲ್ಲಾದರೆ ಸೆಟ್ ಬಿಗ್‌ಡೆಸಿಮಲ್.

ಫೋನ್ ಯಾವಾಗಲೂ ಎಸ್. ಕೋಲಾರದ ಎಸ್‌ಟಿಡಿ ಕೋಡ್ 08152, ಚಿಕ್ಕಬಳ್ಳಾಪುರದ್ದು 08156, ತುಮಕೂರಿನದು 0816. ಐ ಎಂದು ಬೈಂಡ್ ಮಾಡಿದರೆ ಮೊದಲಿನ ಸೊನ್ನೆ ಹೋಯಿತು. ಸೇವ್ ಮಾಡುವಾಗ ಸರಿಯಾಗಿ ಎಸ್ ಕೊಟ್ಟು, ಹುಡುಕುವಾಗ ಐ ಕೊಟ್ಟರೆ ಬೇರೆ ತೊಂದರೆ. ವಾರ್‌ಚಾರ್ ಕಾಲಂ ಜೊತೆ ಸಂಖ್ಯೆಯನ್ನು ಹೋಲಿಸಬೇಕಾದಾಗ ಮೈಎಸ್‌ಕ್ಯುಎಲ್ ಪ್ರತಿ ಸಾಲಿನ ಫೋನನ್ನೂ ಸಂಖ್ಯೆಗೆ ಬದಲಾಯಿಸಿ ನೋಡುತ್ತದೆ. ಇಂಡೆಕ್ಸ್ ಇದ್ದೂ ಕೆಲಸಕ್ಕೆ ಬರುವುದಿಲ್ಲ, ಇಡೀ ಟೇಬಲ್ ಓದುತ್ತದೆ. ಸಾವಿರ ಸಾಲಿದ್ದಾಗ ಗೊತ್ತಾಗದ್ದು ಹತ್ತು ಲಕ್ಷ ಸಾಲಾದಾಗ ಪುಟ ತೆರೆಯದ ಹಾಗೆ ಮಾಡುತ್ತದೆ. ಕ್ವೆರಿ ಹೇಗೆ ಓಡುತ್ತದೆ ಎಂದು ತಿಳಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿ, ಅದರ ಟೈಪ್ ಕಾಲಂನಲ್ಲಿ ಆಲ್ ಎಂದಿದ್ದರೆ ಬೈಂಡ್ ಮಾಡಿದ ಟೈಪನ್ನು ಪರೀಕ್ಷಿಸಿ. ಎಕ್ಸ್‌ಪ್ಲೇನ್ ಹಾಕುವಾಗ ನೀವು ಕೈಯಲ್ಲಿ ಕೋಟ್ ಹಾಕಿ ಬರೆದರೆ ಅದು ಇಂಡೆಕ್ಸ್ ಬಳಸಿಯೇ ತೋರಿಸುತ್ತದೆ. ಲಾಗ್‌ನಲ್ಲಿ ಕಂಡ ಎಕ್ಸಿಕ್ಯೂಟ್ ಸಾಲನ್ನೇ ಹಾಗೇ ಎತ್ತಿ ಹಾಕಿ.

ಊರಿನ ಹೆಸರಿಗೆ ಕೈತಪ್ಪಿ ಐ ಬರೆದರೆ ಪಿಎಚ್‌ಪಿ ಕೋಲಾರ ಅನ್ನುವುದನ್ನು ಸಂಖ್ಯೆ ಮಾಡಿ 0 ಕಳಿಸುತ್ತದೆ. ಸೇವ್ ಮಾಡಿದರೆ ಊರಿನ ಜಾಗದಲ್ಲಿ 0. ಹುಡುಕಿದರೆ ಅದಕ್ಕಿಂತ ಕೆಟ್ಟದ್ದು: ಊರು = 0 ಎಂದಾಗ ಮೈಎಸ್‌ಕ್ಯುಎಲ್ ಟೇಬಲ್‌ನಲ್ಲಿರುವ ಊರುಗಳನ್ನೂ ಸಂಖ್ಯೆ ಮಾಡುತ್ತದೆ. ಮುಳಬಾಗಿಲು 0, ಮಾಲೂರು 0, ಶ್ರೀನಿವಾಸಪುರ 0. ಎಲ್ಲ ಸಾಲುಗಳೂ ಹೊಂದಿಕೊಂಡು ಹೊರಬರುತ್ತವೆ. ಒಂದು ಊರು ಕೇಳಿದರೆ ಇಡೀ ತಾಲ್ಲೂಕುಗಳ ಪಟ್ಟಿ ಬರುತ್ತಿದೆ ಅಂದರೆ ಟೈಪ್ ಅಕ್ಷರಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಒಂದು ಕಾಲಂ ಹೊಸದಾಗಿ ಸೇರಿಸಿ, ಅದರ ಅಕ್ಷರವನ್ನು ತಪ್ಪು ಜಾಗದಲ್ಲಿ ಸೇರಿಸಿದಾಗ ಹೀಗಾಗುತ್ತದೆ. ಪಿಎಚ್‌ಪಿ 8.1ರಿಂದ ಎಕ್ಸಿಕ್ಯೂಟ್‌ಗೇ ಅರೇ ಕೊಡಬಹುದು, ಆಗ ಎಲ್ಲವೂ ಸ್ಟ್ರಿಂಗ್ ಆಗಿ ಹೋಗುತ್ತವೆ, ಈ ಅಕ್ಷರಗಳ ಗೊಡವೆ ಇರುವುದಿಲ್ಲ.

ಪೋಸ್ಟ್‌ಗ್ರೆಸ್ ಟೈಪ್ ವಿಷಯದಲ್ಲಿ ಕಟ್ಟುನಿಟ್ಟು. ಇಂಟಿಜರ್ ಕಾಲಂಗೆ ಜಾವಾದಿಂದ ಸೆಟ್ ಸ್ಟ್ರಿಂಗ್ ಮಾಡಿದರೆ ಇಂಟಿಜರ್ ಮತ್ತು ವಾರ್‌ಚಾರ್ ನಡುವೆ ಸಮ ಚಿಹ್ನೆಯೇ ಇಲ್ಲ ಅನ್ನುತ್ತದೆ. ಸೆಟ್ ಇಂಟ್ ಬಳಸಿ. ಫಿಲ್ಟರ್ ಐಚ್ಛಿಕವಾಗಿರಲಿ ಎಂದು (? ಈಸ್ ನಲ್ ಆರ್ ತಳಿ = ?) ಎಂದು ಬರೆದರೆ ಮೊದಲನೇ ಪ್ಯಾರಾಮೀಟರಿನ ಟೈಪ್ ತಿಳಿಯಲಾಗಲಿಲ್ಲ ಅನ್ನುತ್ತದೆ. ಪಾಪ, ಅದಕ್ಕೆ ತಿಳಿಯುವ ದಾರಿಯೇ ಇಲ್ಲ, ಪಕ್ಕದಲ್ಲಿ ಕಾಲಂ ಇಲ್ಲವಲ್ಲ. ಮೊದಲ ಚಿಹ್ನೆಗೆ ಟೆಕ್ಸ್ಟ್ ಎಂದು ಕಾಸ್ಟ್ ಹಾಕಿ. ಜೇಸನ್‌ಬಿ ಕಾಲಂಗಳಲ್ಲಿ ಪೋಸ್ಟ್‌ಗ್ರೆಸ್‌ಗೆ ಪ್ರಶ್ನೆ ಚಿಹ್ನೆಯೇ ಒಂದು ಆಪರೇಟರ್. ಡ್ರೈವರ್ ಅದನ್ನು ಪ್ಲೇಸ್‌ಹೋಲ್ಡರ್ ಎಂದು ಎಣಿಸಿ ಲೆಕ್ಕ ತಪ್ಪಿಸುತ್ತದೆ. ಜಾವಾದಲ್ಲೂ, ಪಿಎಚ್‌ಪಿ 7.4ರಿಂದ ಪಿಡಿಒದಲ್ಲೂ, ಎರಡು ಪ್ರಶ್ನೆ ಚಿಹ್ನೆ ಒಟ್ಟಿಗೆ ಬರೆದರೆ ಅದನ್ನು ಆಪರೇಟರ್ ಎಂದು ಬಿಡುತ್ತದೆ.

ದೊಡ್ಡ ಬ್ಯಾಚ್‌ಗಳಿಗೆ ಮಿತಿ ಇದೆ. ಮೈಎಸ್‌ಕ್ಯುಎಲ್ ಮತ್ತು ಪೋಸ್ಟ್‌ಗ್ರೆಸ್ ಒಂದು ಸ್ಟೇಟ್‌ಮೆಂಟಿಗೆ 65,535 ಪ್ಯಾರಾಮೀಟರ್ ತನಕ. ಎಂಟು ಕಾಲಂ ಅಂದರೆ ಒಂದು ಇನ್ಸರ್ಟ್‌ನಲ್ಲಿ 8,191 ಸಾಲು. ಎಸ್‌ಕ್ಯುಲೈಟ್ 3.32ಕ್ಕಿಂತ ಹಿಂದೆ ಡಿಫಾಲ್ಟ್ ಮಿತಿ 999, ಅಂದರೆ 124 ಸಾಲು, ಆಮೇಲೆ 32,766. ಎಸ್‌ಕ್ಯುಎಲ್ ಸರ್ವರ್‌ನದು 2,100. ಮಿತಿಯ ಅಂಚಿಗೆ ಹೋಗುವ ಅಗತ್ಯವೇ ಇಲ್ಲ, ಐನೂರು ಸಾಲಿಗೊಮ್ಮೆ ಮುರಿದು, ಎಲ್ಲವನ್ನೂ ಒಂದು ಟ್ರಾನ್ಸಾಕ್ಷನ್ನಿನೊಳಗೆ ಇಡಿ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಮಾತ್ರ ಇನ್ನೂರರಂತೆ, ಹಳೆಯ ಎಸ್‌ಕ್ಯುಲೈಟಿನಲ್ಲಿ ನೂರರಂತೆ.

ಕೊನೆಯದಾಗಿ ಕನ್ನಡ ಪಠ್ಯ. ಬೈಂಡಿಂಗ್ ಎಲ್ಲ ಸರಿಯಿದೆ, ಲಾಗ್‌ನಲ್ಲಿ ಊರು = 'ಕೋಲಾರ' ಎಂದೇ ಕಾಣುತ್ತಿದೆ, ಟೇಬಲ್‌ಗೂ ಕೋಲಾರ ಎಂದೇ ಸೇವ್ ಮಾಡಿದ್ದೀರಿ, ಆದರೂ ಸಾಲು ಸಿಗುವುದಿಲ್ಲ. ಇದಕ್ಕೆ ಎರಡು ಕಾರಣ ಇರಬಹುದು, ಎರಡನ್ನೂ ಬೈಟ್‌ಗಳನ್ನು ಬಿಡಿಸಿ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ಬೇರ್ಪಡಿಸಬಹುದು. ಯುಟಿಎಫ್ 8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ ಮೂರು ಬೈಟ್. ಕ ಅಂದರೆ ಇ0 ಬಿ2 95. ಟೇಬಲ್‌ನಲ್ಲಿರುವುದಕ್ಕೆ ಹೆಕ್ಸ್ ಹಾಕಿದಾಗ 3ಎಫ್ 3ಎಫ್ ಎಂದು ಸಾಲಾಗಿ ಬಂದರೆ ಅಲ್ಲಿರುವುದು ನಿಜವಾದ ಪ್ರಶ್ನೆ ಚಿಹ್ನೆಗಳು. ಬೈಂಡ್ ಆಗದೆ ಉಳಿದ ಪ್ಲೇಸ್‌ಹೋಲ್ಡರ್ ಎಂದು ಅವನ್ನು ತಪ್ಪು ತಿಳಿಯಬೇಡಿ. ಲ್ಯಾಟಿನ್ 1 ಕಾಲಂನಲ್ಲಿ ಕನ್ನಡ ಕೂರದೆ ಹಾಗಾಗಿದೆ, ಮೂಲ ಪಠ್ಯ ಮತ್ತೆ ಸಿಗುವುದಿಲ್ಲ. ಕಾಲಂ ಅನ್ನೂ ಕನೆಕ್ಷನ್ನನ್ನೂ ಯುಟಿಎಫ್8ಎಂಬಿ4 ಮಾಡಿ. ಕನೆಕ್ಷನ್ನಿನದನ್ನು ಪಿಡಿಒದ ಡಿಎಸ್‌ಎನ್‌ನಲ್ಲೇ, ಅಂದರೆ ಕನೆಕ್ಷನ್ ವಿವರ ಕೊಡುವ ಸ್ಟ್ರಿಂಗಿನಲ್ಲೇ, ಬರೆಯಿರಿ.

ಎರಡನೇ ಕಾರಣ ಸೂಕ್ಷ್ಮ. ಕೋ ಎಂಬಲ್ಲಿನ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಕೋಡ್‌ಪಾಯಿಂಟಾಗಿಯೂ ಬರೆಯಬಹುದು, ಒತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು, ಮೂರಾಗಿಯೂ ಬಿಡಿಸಬಹುದು. ಕಣ್ಣಿಗೆ ಮೂರೂ ಒಂದೇ. ಬೈಟ್ ಹೋಲಿಸುವ ಬೈನರಿ ಕೊಲೇಷನ್ನಿಗೆ, ಪೋಸ್ಟ್‌ಗ್ರೆಸ್‌ನ ಮಾಮೂಲಿ ಹೋಲಿಕೆಗೆ, ಮೂರೂ ಬೇರೆ ಬೇರೆ ಊರು. ಬೇರೆ ಬೇರೆ ಕೀಬೋರ್ಡ್, ಹಳೆಯ ಫಾಂಟಿನಿಂದ ಬದಲಾಯಿಸಿದ ಫೈಲು, ಇವುಗಳಿಂದ ಈ ಬೆರಕೆ ಬರುತ್ತದೆ. ಬೈಂಡ್ ಮಾಡುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿ ಬರೆದದ್ದನ್ನು ಒಂದೇ ಕೋಡ್‌ಪಾಯಿಂಟಾಗಿ ಕೂಡಿಸಿದ ರೂಪಕ್ಕೆ, ತನ್ನಿ: ಪಿಎಚ್‌ಪಿಯ ಇಂಟಲ್ ಎಕ್ಸ್‌ಟೆನ್ಷನ್ನಿನಲ್ಲಿ ನಾರ್ಮಲೈಜರ್ ಇದೆ, ಜಾವಾದಲ್ಲಿ ಅದೇ ಹೆಸರಿನ ಕ್ಲಾಸ್ ಇದೆ, ಪೈಥಾನಿನಲ್ಲಿ ಯುನಿಕೋಡ್‌ಡೇಟಾ ಮಾಡ್ಯೂಲ್. ಕಾಣದೆ ಕೂರುವ ಝಡ್‌ಡಬ್ಲ್ಯುಎನ್‌ಜೆ, ಅಂದರೆ ಅರ್ಧಾಕ್ಷರದ ಪಕ್ಕ ಒತ್ತಕ್ಷರ ಆಗದಂತೆ ಹಾಕುವ ಗುರುತು, ಎನ್‌ಎಫ್‌ಸಿಯಿಂದ ಹೋಗುವುದಿಲ್ಲ. ತೋರಿಸುವ ಹೆಸರಿನಲ್ಲಿ ಅದು ಬೇಕು, ಹಾಗಾಗಿ ಅಳಿಸಲು ಹೋಗಬೇಡಿ. ಹುಡುಕುವುದಕ್ಕೆ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ ತೆಗೆದು ಇಡಿ. ಈಗಾಗಲೇ ತುಂಬಿರುವ ಹಳೆಯ ಸಾಲುಗಳನ್ನೂ ಒಮ್ಮೆ ಓದಿ, ಅದೇ ಫಂಕ್ಷನ್ನಿನ ಮೂಲಕ ಹಾಯಿಸಿ ಮತ್ತೆ ಬರೆಯಬೇಕು. ಬರೆಯುವ ಮೊದಲು ಬ್ಯಾಕಪ್ ತೆಗೆದುಕೊಂಡು, ಊರಿನ ಪ್ರಕಾರ ಗ್ರೂಪ್ ಮಾಡಿ ಸಾಲುಗಳ ಎಣಿಕೆ ಬರೆದಿಟ್ಟುಕೊಳ್ಳಿ. ಆದಮೇಲೆ ಮತ್ತೆ ಎಣಿಸಿದಾಗ ಒಟ್ಟು ಅಷ್ಟೇ ಇರಬೇಕು, ಎರಡೆರಡು ಸಲ ಕಾಣುತ್ತಿದ್ದ ಕೋಲಾರ ಒಂದೇ ಸಾಲಿಗೆ ಬರಬೇಕು.